ರಜಾ ಅರ್ಜಿಯಿಂದ ಇ-ಮೇಲ್‌ವರೆಗೆ: ನಮ್ಮ ಇಂಗ್ಲಿಷ್ ತರಗತಿಯ ಸಣ್ಣ ಬರಹಗಳ ಕಥೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಮಿತಿಯ ಹಿರಿಯರು ಫೋನ್ ಮಾಡಿದಾಗ ನಾನು ಮೊದಲು ಹಿಂಜರಿದೆ. ನಾನು ಸಾಹಿತಿಯಲ್ಲ, ಇತಿಹಾಸಕಾರನೂ ಅಲ್ಲ. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. "ನೀನು ಈ ಶಾಲೆಯಲ್ಲಿ ಕಲಿತದ್ದರಲ್ಲಿ ಇವತ್ತಿಗೂ ಪ್ರತಿದಿನ ಉಪಯೋಗಕ್ಕೆ ಬರುವುದು ಯಾವುದು, ಅದನ್ನೇ ಬರಿ" ಎಂದರು. ಯೋಚಿಸಿದಾಗ ಹೊಳೆದದ್ದು ಪೈಥಾಗೊರಸನ ಪ್ರಮೇಯವೂ ಅಲ್ಲ, ಆವರ್ತ ಕೋಷ್ಟಕವೂ ಅಲ್ಲ. ಇಂಗ್ಲಿಷ್ ನೋಟ್ ಪುಸ್ತಕದ ಕೊನೆಯ ಹಾಳೆಗಳಲ್ಲಿ ಬರೆಯುತ್ತಿದ್ದ ರಜಾ ಅರ್ಜಿ, ಅಪ್ಪನಿಗೆ ಪತ್ರ, ನೋಟೀಸು ಮುಂತಾದ ಸಣ್ಣ ಸಣ್ಣ ಬರಹಗಳು.

ಈ ಸಂಚಿಕೆ ಓದುವ ಹಳೆಯ ವಿದ್ಯಾರ್ಥಿಗಳೆಲ್ಲರಿಗೂ ಆ ರಜಾ ಅರ್ಜಿ ಇನ್ನೂ ಬಾಯಿಪಾಠ ಇದ್ದೇ ಇರುತ್ತದೆ. ಎಡಗಡೆ ಫ್ರಮ್, ಅದರ ಕೆಳಗೆ ಟು, ಆಮೇಲೆ ರೆಸ್ಪೆಕ್ಟೆಡ್ ಸರ್. "ಆಸ್ ಐ ಯಾಮ್ ಸಫರಿಂಗ್ ಫ್ರಮ್ ಫೀವರ್" ಎಂದು ಶುರುವಾದರೆ "ಯುವರ್ಸ್ ಒಬೀಡಿಯೆಂಟ್ಲಿ" ಎಂದು ಮುಗಿಯುವವರೆಗೆ ಪೆನ್ನು ನಿಲ್ಲುತ್ತಿರಲಿಲ್ಲ. ಊರ ಜಾತ್ರೆಗೆ ಹೋದರೂ ಜ್ವರ, ಅಡಿಕೆ ಕೊಯ್ಲಿಗೆ ಹೋದರೂ ಜ್ವರ. ಜ್ವರಕ್ಕೆ ಬಿಟ್ಟು ಬೇರೆ ಕಾರಣಕ್ಕೆ ಇಂಗ್ಲಿಷ್ ನಮಗೆ ಬರುತ್ತಿರಲಿಲ್ಲ! ಈ ಅರ್ಜಿ ನಮ್ಮ ಶಾಲೆಗೆ ಎಲ್ಲಿಂದ ಬಂತು, ನಡುವೆ ಹೇಗೆ ಬದಲಾಯಿತು, ಮುಂದೆ ಅದನ್ನು ಏನು ಮಾಡಬೇಕು ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಹೇಳುತ್ತೇನೆ.

ಅರ್ಜಿಯ ಹುಟ್ಟು

ಭಾರತದಲ್ಲಿ ಇಂಗ್ಲಿಷ್ ಶಿಕ್ಷಣ ಎಂದರೆ ಎಲ್ಲರೂ 1835ರ ಮೆಕಾಲೆಯ ಟಿಪ್ಪಣಿಯನ್ನು ನೆನೆಯುತ್ತಾರೆ. ಆದರೆ ಅದಕ್ಕಿಂತ ಎರಡು ವರ್ಷ ಮೊದಲೇ, 1833ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಇಂಗ್ಲಿಷ್ ಶಾಲೆಯೊಂದನ್ನು ತೆರೆದಿದ್ದರು. ಮುಂದೆ ಅದೇ ಮಹಾರಾಜ ಕಾಲೇಜಾಗಿ ಬೆಳೆಯಿತು. 1854ರ ವುಡ್ ಅವರ ನಿರೂಪವು ಸಾಮಾನ್ಯ ಜನರ ಶಿಕ್ಷಣ ದೇಶಭಾಷೆಗಳಲ್ಲಿ, ಉನ್ನತ ಶಿಕ್ಷಣ ಇಂಗ್ಲಿಷಿನಲ್ಲಿ ಎಂಬ ಹಂಚಿಕೆಯನ್ನು ಮುಂದಿಟ್ಟಿತು. ಇಂಗ್ಲಿಷ್ ಕಲಿತವರಿಗೆ ಕಚೇರಿಗಳಲ್ಲಿ ಕೆಲಸ ಸಿಗುತ್ತಿತ್ತು. ಕಚೇರಿಯ ಕೆಲಸ ಎಂದರೆ ಬರವಣಿಗೆಯ ಕೆಲಸ. ಪತ್ರ ಬರೆಯುವುದು, ನಕಲು ಮಾಡುವುದು, ಸಾರಾಂಶ ತೆಗೆಯುವುದು, ಮೇಲಧಿಕಾರಿಗೆ ವರದಿ ಒಪ್ಪಿಸುವುದು. ಹಾಗಾಗಿ ಶಾಲೆಯ ಇಂಗ್ಲಿಷಿನಲ್ಲಿ ಪದ್ಯ, ಗದ್ಯ, ವ್ಯಾಕರಣಗಳ ಪಕ್ಕದಲ್ಲಿ ಪತ್ರಲೇಖನಕ್ಕೂ ಒಂದು ಜಾಗ ಸಿಕ್ಕಿತು.

ಆ ಕಾಲದ ಕಚೇರಿಯ ಧಾಟಿಯೂ ಪತ್ರದ ಜೊತೆಯಲ್ಲೇ ಬಂತು. "ಐ ಬೆಗ್ ಟು ಸ್ಟೇಟ್" ಎಂದರೆ ಬೇಡಿಕೊಂಡು ಹೇಳುವುದು. "ಒಬೀಡಿಯೆಂಟ್" ಎಂದರೆ ವಿಧೇಯ. ನಮ್ಮ ಕನ್ನಡದ ಅರ್ಜಿಯಲ್ಲೂ "ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ" ಎಂದು ಬರೆಯುತ್ತೇವಲ್ಲ, ಅದೂ ಇದೇ ಕುಲದ್ದು. ಹಾಗೆಂದು ಪತ್ರ ಬರೆಯುವುದನ್ನು ನಮಗೆ ಇಂಗ್ಲಿಷರೇ ಕಲಿಸಿದರೆಂದು ತಿಳಿಯಬಾರದು. ನಮ್ಮ ಅಜ್ಜಂದಿರ ಕಾಲದ ಕಾಗದಗಳನ್ನು ತೆಗೆದು ನೋಡಿ. ಮೇಲೆ "ಶ್ರೀ" ಎಂದು ಬರೆದು, "ತೀರ್ಥರೂಪುರವರಿಗೆ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು" ಎಂದು ತೊಡಗಿ, "ಉಭಯ ಕುಶಲೋಪರಿ ಸಾಂಪ್ರತ" ಎಂದು ಕ್ಷೇಮ ಸಮಾಚಾರ ಮುಗಿಸಿ ವಿಷಯಕ್ಕೆ ಬರುವ ಕ್ರಮ ಎಷ್ಟು ಅಚ್ಚುಕಟ್ಟಾಗಿದೆ! ಯಾರಿಗೆ, ಯಾರಿಂದ, ಏನು ಎಂಬುದನ್ನು ಹೇಳುವ ಶಿಸ್ತು ನಮ್ಮಲ್ಲಿಯೂ ಇತ್ತು. ವ್ಯತ್ಯಾಸ ಒಂದೇ. ನಮ್ಮ ಕಾಗದದಲ್ಲಿ ಬಾಂಧವ್ಯ ಮೊದಲು, ವಿಷಯ ಆಮೇಲೆ. ಕಚೇರಿಯ ಪತ್ರದಲ್ಲಿ ವಿಷಯವೇ ಮೊದಲು.

ತಂತಿಯ ಪಾಠ

ನಮ್ಮ ಶಾಲೆಯ ಮೊದಲ ತಂಡಗಳ ಹಿರಿಯರು ಇನ್ನೊಂದು ಅಭ್ಯಾಸವನ್ನು ನೆನೆಯುತ್ತಾರೆ. ಅದು ತಂತಿ ಬರೆಯುವುದು. ತಂತಿಗೆ ಪದಗಳ ಲೆಕ್ಕದಲ್ಲಿ ದರ. ಆದ್ದರಿಂದ ಒಂದು ದೊಡ್ಡ ವಾಕ್ಯ ಕೊಟ್ಟು, ಅದನ್ನು ಆದಷ್ಟು ಕಡಿಮೆ ಪದಗಳ ತಂತಿಯಾಗಿ ಮಾಡಿ ಎಂದು ಮೇಷ್ಟ್ರು ಹೇಳುತ್ತಿದ್ದರಂತೆ. "ನಿಮ್ಮ ತಾಯಿಯವರಿಗೆ ತುಂಬಾ ಕಾಯಿಲೆ, ಈ ಕೂಡಲೇ ಹೊರಟು ಬನ್ನಿ" ಎಂಬುದು "ಮದರ್ ಸೀರಿಯಸ್ ಸ್ಟಾರ್ಟ್ ಇಮಿಡಿಯೇಟ್ಲಿ" ಎಂಬ ನಾಲ್ಕು ಪದಗಳಿಗೆ ಇಳಿಯುತ್ತಿತ್ತು. ಮದುವೆ, ಹಬ್ಬಗಳ ಶುಭಾಶಯಕ್ಕಂತೂ ಅಂಚೆ ಕಚೇರಿಯಲ್ಲಿ ಸಿದ್ಧ ವಾಕ್ಯಗಳ ಪಟ್ಟಿಯೇ ಇತ್ತು. ಅದರ ಸಂಖ್ಯೆ ಹೇಳಿದರೆ ಸಾಕಿತ್ತು.

ಊರಿಗೆ ತಂತಿ ಬಂತೆಂದರೆ ಓದುವ ಮೊದಲೇ ಹೆಂಗಸರು ಅಳಲು ಶುರುಮಾಡುತ್ತಿದ್ದ ಕಾಲ ಅದು. ಹೈಸ್ಕೂಲಿನ ಹುಡುಗನನ್ನು ಓಡಿಹೋಗಿ ಕರೆತರುತ್ತಿದ್ದರು. ನಾಲ್ಕು ಪದ ಓದಿ ಅರ್ಥ ಹೇಳುವ ಆ ಹದಿನಾಲ್ಕರ ಹುಡುಗನ ಮೇಲೆ ಎಂಥ ಹೊಣೆ ಇರುತ್ತಿತ್ತು ನೋಡಿ. ಅವನಿಗೆ ಇಂಗ್ಲಿಷ್ ಆಗ ಅಂಕದ ವಿಷಯವಾಗಿರಲಿಲ್ಲ. 2013ರ ಜುಲೈನಲ್ಲಿ ನಮ್ಮ ದೇಶದಲ್ಲಿ ತಂತಿ ಸೇವೆ ನಿಂತುಹೋಯಿತು. ಆದರೆ ಕಡಿಮೆ ಪದಗಳಲ್ಲಿ ತಪ್ಪು ಅರ್ಥ ಬರದಂತೆ ಹೇಳುವ ಅಗತ್ಯ ನಿಲ್ಲಲಿಲ್ಲ.

ವಾಕ್ಯದ ಅಚ್ಚಿನಿಂದ ಕೆಲಸದ ಕಡೆಗೆ

ಸ್ವಾತಂತ್ರ್ಯ ಬಂದ ಮೇಲೆ ಇಂಗ್ಲಿಷ್ ಎಷ್ಟಿರಬೇಕು, ಹೇಗೆ ಕಲಿಸಬೇಕು ಎಂಬ ಚರ್ಚೆ ಬಲವಾಯಿತು. 1963ರಲ್ಲಿ ನಮ್ಮ ರಾಜ್ಯದ ರಾಜಭಾಷಾ ಕಾಯಿದೆ ಬಂದು ಕನ್ನಡ ಆಡಳಿತ ಭಾಷೆಯಾಯಿತು. ಅದೇ 1963ರಲ್ಲಿ ದಕ್ಷಿಣದ ರಾಜ್ಯಗಳ ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಕೊಡಲು ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾಯಿತು. 1966ರಲ್ಲಿ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ಬಂತು. ಎಸ್‌.ಎಸ್‌.ಎಲ್‌.ಸಿ. ಎಂಬ ನಾಲ್ಕಕ್ಷರ ಹಳ್ಳಿಯ ಮಕ್ಕಳ ಹಣೆಬರಹ ಆಯಿತು.

ಆಗಿನ ಕಲಿಕೆಯ ಕ್ರಮ ವಾಕ್ಯರಚನೆಗಳನ್ನು ಆಧರಿಸಿದ್ದು. ಒಂದೊಂದೇ ವಾಕ್ಯದ ಅಚ್ಚನ್ನು ಸುಲಭದಿಂದ ಕಷ್ಟಕ್ಕೆ ಜೋಡಿಸಿ ಕಲಿಸುವುದು. ಮೇಷ್ಟ್ರು ಬಾಗಿಲ ಕಡೆ ನಡೆಯುತ್ತಾ "ಐ ಯಾಮ್ ಗೋಯಿಂಗ್ ಟು ದ ಡೋರ್" ಎನ್ನುವುದು, ಮಕ್ಕಳೆಲ್ಲ ಒಟ್ಟಿಗೆ ಕೂಗುವುದು. ಇದರಿಂದ ವಾಕ್ಯ ತಪ್ಪಿಲ್ಲದೆ ಬರುತ್ತಿತ್ತು. ಆದರೆ ತರಗತಿಯ ಬಾಗಿಲು ದಾಟಿದ ಮೇಲೆ ಆ ವಾಕ್ಯ ಹೇಳುವ ಸಂದರ್ಭವೇ ಬರುತ್ತಿರಲಿಲ್ಲ.

ಇದಕ್ಕೆ ಉತ್ತರ ಹುಡುಕಿದ ಒಂದು ದೊಡ್ಡ ಪ್ರಯೋಗ ನಮ್ಮ ಬೆಂಗಳೂರಿನ ಹೆಸರಿನಲ್ಲೇ ಲೋಕಪ್ರಸಿದ್ಧವಾಗಿದೆ ಎಂಬುದು ನನಗೆ ತಿಳಿದದ್ದು ಇತ್ತೀಚೆಗೆ. 1979ರಿಂದ 1984ರವರೆಗೆ ಎನ್‌.ಎಸ್‌. ಪ್ರಭು ಎಂಬ ವಿದ್ವಾಂಸರು ಜೊತೆಯ ಶಿಕ್ಷಕರೊಂದಿಗೆ ಬೆಂಗಳೂರು, ಮದ್ರಾಸು ಮುಂತಾದೆಡೆಯ ಕೆಲವು ಶಾಲೆಗಳಲ್ಲಿ ಹೊಸ ಕ್ರಮವೊಂದನ್ನು ನಡೆಸಿ ನೋಡಿದರು. ಅದಕ್ಕೆ ಬೆಂಗಳೂರು ಪ್ರಾಜೆಕ್ಟ್ ಎಂದೇ ಹೆಸರು. ವ್ಯಾಕರಣದ ಪಟ್ಟಿ ಇಟ್ಟುಕೊಂಡು ಕಲಿಸುವ ಬದಲು ಮಕ್ಕಳಿಗೆ ಒಂದು ಕೆಲಸ ಕೊಡುವುದು. ಉದಾಹರಣೆಗೆ, ರೈಲಿನ ವೇಳಾಪಟ್ಟಿ ಕೊಟ್ಟು ಇಂಥ ಹೊತ್ತಿಗೆ ಇಂಥ ಊರು ಸೇರಲು ಯಾವ ಗಾಡಿ ಹಿಡಿಯಬೇಕು ಎಂದು ಕೇಳುವುದು. ನಕ್ಷೆ ಕೊಟ್ಟು ದಾರಿ ಹೇಳಿಸುವುದು. ಮೊದಲು ಇಡೀ ತರಗತಿ ಮೇಷ್ಟ್ರ ಜೊತೆ ಅಂಥದೇ ಒಂದು ಕೆಲಸ ಮಾಡಿ ನೋಡುತ್ತದೆ. ಆಮೇಲೆ ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನೇ ಇನ್ನೊಂದನ್ನು ಮಾಡುತ್ತಾನೆ. ಮನಸ್ಸು ಅರ್ಥದ ಮೇಲೆ ನಿಂತಾಗ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. 1987ರಲ್ಲಿ ಅವರು ಇದನ್ನು ಪುಸ್ತಕವಾಗಿ ಬರೆದರು. ಇಂದು ಜಗತ್ತಿನ ಎಷ್ಟೋ ಕಡೆ ಟಾಸ್ಕ್ ಆಧಾರಿತ ಭಾಷಾ ಕಲಿಕೆ ಎಂದು ಹೇಳುವಾಗ ಬೆಂಗಳೂರಿನ ಈ ಪ್ರಯೋಗವನ್ನು ಮೊದಲ ಸಾಲಿನಲ್ಲಿ ನೆನೆಯುತ್ತಾರೆ.

ಈ ಕ್ರಮ ಎಲ್ಲ ಶಾಲೆಗಳಿಗೂ ಹಾಗೆಯೇ ಬಂದಿತೆಂದಲ್ಲ. ಕಿಕ್ಕಿರಿದ ತರಗತಿಯಲ್ಲಿ, ಪರೀಕ್ಷೆಯ ಒತ್ತಡದಲ್ಲಿ, ಒಬ್ಬ ಮೇಷ್ಟ್ರು ಇದನ್ನು ನಡೆಸುವುದು ಸುಲಭವಲ್ಲ. ಆದರೆ ಪಾಠದ ಜೊತೆಗೆ ಕೆಲಸಕ್ಕೆ ಬರುವ ಬರಹ ಇರಬೇಕೆಂಬ ವಿಚಾರ ಗಟ್ಟಿಯಾಯಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಬಾಯಿಪಾಠದಿಂದ ಕಲಿಕೆಯನ್ನು ಬಿಡಿಸಬೇಕು, ಶಾಲೆಯ ಹೊರಗಿನ ಬದುಕಿಗೆ ಅದನ್ನು ಜೋಡಿಸಬೇಕು ಎಂದಿತು. ಇಂದಿನ ಎಸ್‌.ಎಸ್‌.ಎಲ್‌.ಸಿ. ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಪತ್ರ ಇದೆ, ಚಿತ್ರ ನೋಡಿ ವಿವರಿಸುವುದಿದೆ, ಕೊಟ್ಟ ವಿವರಗಳಿಂದ ಒಬ್ಬರ ಪರಿಚಯ ಬರೆಯುವುದಿದೆ.

"ಯಾವ ಹಸು ಅಂತ ಅವರಿಗೆ ಹೇಗೆ ಗೊತ್ತಾಗಬೇಕು?"

ಇನ್ನು ನಮ್ಮ ಶಾಲೆಯ ವಿಷಯ. ನಾನು ಇಲ್ಲಿ ಓದಿದ್ದು 2001ರಿಂದ 2004ರವರೆಗೆ. ನಮ್ಮ ಕಾಲದಲ್ಲಿ ಎ ಬಿ ಸಿ ಡಿ ಶುರುವಾಗುತ್ತಿದ್ದುದೇ ಐದನೇ ತರಗತಿಯಲ್ಲಿ. ಹೈಸ್ಕೂಲಿಗೆ ಬಂದಾಗ ಮೂರು ವರ್ಷದ ಇಂಗ್ಲಿಷ್ ಬೆನ್ನಿಗಿತ್ತು ಎಂದು ಹೇಳಬಹುದು, ತಲೆಯಲ್ಲಿ ಇತ್ತೆಂದು ಹೇಳಲಾರೆ.

ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ಮನೆಯ ಸೀಮೆಹಸು ಸತ್ತಿತು. ಡೈರಿಗೆ ಹಾಲು ಹಾಕಿ ಬರುತ್ತಿದ್ದ ದುಡ್ಡಿನಲ್ಲೇ ನಮ್ಮ ಸಂಸಾರ ನಡೆಯುತ್ತಿದ್ದದ್ದು. ಹಸುವಿಗೆ ವಿಮೆ ಮಾಡಿಸಿದ್ದರು. ಪಶುವೈದ್ಯರು ಬಂದು ಶವಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಟ್ಟರು. ಅಪ್ಪ ಎಲ್ಲ ಕಾಗದ ಕಳಿಸಿದರು. ಎರಡು ತಿಂಗಳ ಮೇಲೆ ಇಂಗ್ಲಿಷಿನಲ್ಲಿ ಒಂದು ಪತ್ರ ಬಂತು. ಅಪ್ಪ ಅದನ್ನು ನನ್ನ ಕೈಗೆ ಕೊಟ್ಟು, "ಓದಿ ಹೇಳಪ್ಪಾ, ಏನಂತೆ?" ಎಂದರು.

ಅಪ್ಪನಿಗೆ ಮಗ ಹೈಸ್ಕೂಲು, ಇಂಗ್ಲಿಷ್ ಬರುತ್ತದೆ. ನನಗೆ ಪ್ರವಾಸಕ್ಕೆ ಹಣ ಕಳಿಸಿ ಎಂದು ಅಪ್ಪನಿಗೆ ಬರೆಯುವ ಇಂಗ್ಲಿಷ್ ಪತ್ರ ಬಾಯಿಪಾಠ ಬರುತ್ತಿತ್ತು. ಆದರೆ ಅಪ್ಪ ಕೊಟ್ಟ ಪತ್ರ ಬರುತ್ತಿರಲಿಲ್ಲ. ಮೂರು ಸಲ ಓದಿದೆ. ಕೊನೆಗೆ "ಏನೋ ಕಳಿಸಬೇಕಂತೆ" ಎಂದೆ. ಏನು ಎಂದು ಹೇಳಲಾಗಲಿಲ್ಲ. ಅಪ್ಪ ಬೈಯಲಿಲ್ಲ. "ಹೋಗ್ಲಿ ಬಿಡು" ಎಂದು ಪತ್ರ ಮಡಚಿ ದೇವರ ಗೂಡಿನಲ್ಲಿಟ್ಟರು. ಬೈದಿದ್ದರೇ ಚೆನ್ನಾಗಿತ್ತು.

ಮರುದಿನ ಆ ಪತ್ರವನ್ನು ನಮ್ಮ ಇಂಗ್ಲಿಷ್ ಮೇಷ್ಟ್ರಿಗೆ ತೋರಿಸಿದೆ. ಅವರು ಓದಿ, "ಕಿವಿಯೋಲೆ ಕಳಿಸಿಲ್ಲವಂತೆ. ಹಸುವಿನ ಕಿವಿಗೆ ನಂಬರ್ ಇರೋ ಓಲೆ ಹಾಕಿದ್ದರಲ್ಲ, ಅದು ಬೇಕಂತೆ. ಮನೆಯಲ್ಲಿದೆಯಾ?" ಎಂದರು. ಇತ್ತು. ಅಮ್ಮ ಅದನ್ನು ನೆನಪಿಗೆಂದು ಎತ್ತಿಟ್ಟಿದ್ದರು.

ಮೇಷ್ಟ್ರು ಅಷ್ಟಕ್ಕೇ ಬಿಡಲಿಲ್ಲ. ಅಪ್ಪನ ಒಪ್ಪಿಗೆ ಕೇಳಿಸಿ, ಹೆಸರು ಅಳಿಸಿ, ಆ ಪತ್ರವನ್ನು ಹಾಗೇ ಕಪ್ಪುಹಲಗೆಯ ಮೇಲೆ ಬರೆದರು. "ಇವತ್ತು ಪಾಠ ಇಲ್ಲ. ಇದಕ್ಕೆ ಉತ್ತರ ಬರೀರಿ" ಎಂದರು. ನಲವತ್ತು ಜನ ನಲವತ್ತು ಉತ್ತರ ಬರೆದೆವು. ಒಬ್ಬ "ಮೈ ಕೌ ಈಸ್ ವೆರಿ ಗುಡ್ ಕೌ" ಎಂದು ಗೋವಿನ ಮೇಲೆ ಪ್ರಬಂಧವನ್ನೇ ಬರೆದಿದ್ದ. ನಾನು ಬರೆದದ್ದು ನನ್ನ ಮಟ್ಟಿಗೆ ಬಹಳ ಚೆನ್ನಾಗಿತ್ತು. ಫ್ರಮ್, ಟು, ದಿನಾಂಕ, ಗೌರವ, ವಿಧೇಯತೆ ಎಲ್ಲವೂ ಇದ್ದವು. ವ್ಯಾಕರಣವೂ ಸರಿ. ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಒಂದೇ ಒಂದು ಸುತ್ತು ಹಾಕಿ ಕೇಳಿದರು: "ಎಲ್ಲ ಸರಿ ಕಣಯ್ಯಾ. ಅವರ ಹತ್ತಿರ ಸಾವಿರ ಹಸು ಇರ್ತಾವೆ. ಯಾವ ಹಸು ಅಂತ ಅವರಿಗೆ ಹೇಗೆ ಗೊತ್ತಾಗಬೇಕು?"

ನಾನು ಪಾಲಿಸಿ ಸಂಖ್ಯೆಯನ್ನಾಗಲಿ ಓಲೆಯ ಸಂಖ್ಯೆಯನ್ನಾಗಲಿ ಬರೆದಿರಲಿಲ್ಲ. ಅವರ ಪತ್ರದ ದಿನಾಂಕವನ್ನೂ ಹೇಳಿರಲಿಲ್ಲ. ನಾವು ಬಾಯಿಪಾಠ ಮಾಡಿದ ಯಾವ ಪತ್ರದಲ್ಲೂ ಅಂಥದ್ದು ಇರಲಿಲ್ಲ, ಏಕೆಂದರೆ ಆ ಪತ್ರಗಳು ಎಂದೂ ಯಾರಿಗೂ ತಲುಪಬೇಕಾಗಿರಲಿಲ್ಲ. ಕೊನೆಗೆ ಇಡೀ ತರಗತಿ ಸೇರಿ ಆರು ಸಾಲಿನ ಉತ್ತರ ಸಿದ್ಧಮಾಡಿದೆವು. ಅಪ್ಪ ಕೆಳಗೆ ಕನ್ನಡದಲ್ಲಿ ರುಜು ಹಾಕಿದರು. ಓಲೆಯನ್ನು ಇಟ್ಟು ರಿಜಿಸ್ಟರ್ ಪೋಸ್ಟ್ ಮಾಡಿದೆವು. ನಾಲ್ಕು ತಿಂಗಳ ನಂತರ ಚೆಕ್ ಬಂತು. ಅದರಿಂದ ಅಪ್ಪ ಒಂದು ಕಡಸು ತಂದರು. ಮೇಷ್ಟ್ರ ಮನೆಗೆ ಗಿಣ್ಣು ಕೊಡಲು ಹೋದದ್ದು ಮಾತ್ರ ಆ ಕಡಸು ಕರು ಹಾಕಿದ ಮೇಲೆ, ನಾನು ಆಗಲೇ ಪಿ.ಯು.ಸಿ.ಗೆ ಸೇರಿದ್ದೆ.

ಕಚೇರಿಯಲ್ಲಿ ಅದೇ ಅರ್ಜಿ

ಕನ್ನಡ ಮಾಧ್ಯಮದಿಂದ ಹೋಗಿ ಇಂಗ್ಲಿಷಿನಲ್ಲಿ ವಿಜ್ಞಾನ ಓದಿದ ಕಷ್ಟವನ್ನು ಇಲ್ಲಿ ಹೇಳುವುದಿಲ್ಲ, ಅದು ನಮ್ಮೆಲ್ಲರಿಗೂ ಗೊತ್ತಿರುವುದೇ. ಕೆಲಸಕ್ಕೆ ಸೇರಿದ ಮೇಲೆ ನನಗೊಂದು ಆಶ್ಚರ್ಯ ಕಾದಿತ್ತು. ಎದುರಿಗೆ ಕೂತು ಮಾತಾಡುವ ಇಂಗ್ಲಿಷಿನಲ್ಲಿ ನಗರದ ಸಹೋದ್ಯೋಗಿಗಳ ಮುಂದೆ ನಾನು ತಡವರಿಸುತ್ತಿದ್ದೆ. ಬರವಣಿಗೆಯಲ್ಲಿ ಅಷ್ಟು ತೊಂದರೆಯಾಗಲಿಲ್ಲ.

ಇ-ಮೇಲ್ ತೆರೆದು ನೋಡಿ. ಫ್ರಮ್, ಟು, ಡೇಟ್, ಸಬ್ಜೆಕ್ಟ್. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮೇಲ್ ಕಳಿಸುವುದು 1971ರಲ್ಲಿ ಶುರುವಾದರೂ, ಅದರ ತಲೆಬರಹದಲ್ಲಿ ಏನೇನಿರಬೇಕು ಎಂಬ ನಿಯಮಗಳು ಎಪ್ಪತ್ತರ ದಶಕದಲ್ಲಿ ರೂಪುಗೊಂಡು 1982ರ ಹೊತ್ತಿಗೆ ಗಟ್ಟಿಯಾದವು. ಪ್ರತಿ ಕಳಿಸುವ ಜಾಗಕ್ಕೆ ಸಿ.ಸಿ. ಎನ್ನುತ್ತೇವೆ. ಅದು ಕಾರ್ಬನ್ ಕಾಪಿ, ಟೈಪ್‌ರೈಟರ್ ಕಾಲದ ಮಸಿ ಕಾಗದದ ನಕಲು. ನಮ್ಮ ಮೇಷ್ಟ್ರು ಕಪ್ಪುಹಲಗೆಯ ಮೇಲೆ ಗೆರೆ ಎಳೆದು ತೋರಿಸಿದ ಅದೇ ಅಚ್ಚು ಕಂಪ್ಯೂಟರಿನೊಳಗೆ ಕೂತಿತ್ತು.

ನಮ್ಮ ವೃತ್ತಿಯಲ್ಲಿ ಪ್ರೋಗ್ರಾಂ ಬರೆಯುವಷ್ಟೇ ಹೊತ್ತು ಇಂಥ ಸಣ್ಣ ಬರಹಗಳಿಗೂ ಹೋಗುತ್ತದೆ. ಪ್ರೋಗ್ರಾಮಿನಲ್ಲಿ ಏನು ಬದಲಾವಣೆ ಮಾಡಿದೆ, ಏಕೆ ಮಾಡಿದೆ ಎಂದು ಪ್ರತಿ ಬದಲಾವಣೆಗೂ ಒಂದು ಚಿಕ್ಕ ಟಿಪ್ಪಣಿ ಬರೆಯಬೇಕು. ಮೊದಲ ಸಾಲು ತಂತಿಯಷ್ಟು ಚಿಕ್ಕದು, ವಿವರ ಅದರ ಕೆಳಗೆ. ದೋಷ ಕಂಡರೆ ವರದಿ ಬರೆಯಬೇಕು. ಏನು ಮಾಡಿದಾಗ ಹೀಗಾಯಿತು, ಏನಾಗಬೇಕಿತ್ತು, ಏನಾಯಿತು ಎಂಬುದು ಅದರಲ್ಲಿರಬೇಕು. ದೊಡ್ಡ ಕಾಲೇಜುಗಳಲ್ಲಿ ಓದಿ ಬಂದ ಹೊಸ ಹುಡುಗರು ಎಷ್ಟೋ ಸಲ "ಇದು ಕೆಲಸ ಮಾಡುತ್ತಿಲ್ಲ, ದಯವಿಟ್ಟು ನೋಡಿ" ಎಂದಷ್ಟೇ ಬರೆದು ಕಳಿಸುತ್ತಾರೆ. ಇಂಗ್ಲಿಷ್ ಸೊಗಸಾಗಿರುತ್ತದೆ. ಯಾವುದು, ಎಲ್ಲಿ, ಯಾವಾಗ ಎಂಬುದಿರುವುದಿಲ್ಲ. ನಾನು "ಯಾವ ಹಸು?" ಎಂದು ಕೇಳುತ್ತೇನೆ. ನಮ್ಮ ತಂಡದ ಕನ್ನಡ ಬಾರದವರಿಗೂ ಈಗ ಈ ಎರಡು ಪದ ಬರುತ್ತವೆ.

ಕಟ್ಟಕಡೆಗೆ

ಈ ಅಭ್ಯಾಸ ಇಂಗ್ಲಿಷಿಗೆ ಮಾತ್ರ ಸೀಮಿತವಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯನ್ನೇ ನೋಡಿ. ಹತ್ತು ರೂಪಾಯಿ ಶುಲ್ಕ ಕಟ್ಟಿ, ಕನ್ನಡದಲ್ಲೇ ಅರ್ಜಿ ಬರೆದರೆ, ಸರ್ಕಾರಿ ಕಚೇರಿ 30 ದಿನಗಳೊಳಗೆ ಉತ್ತರ ಕೊಡಬೇಕು. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದಗಳನ್ನು ಮೀರಬಾರದು. ಒಂದು ವಿಷಯ, 150 ಪದ ಎಂದರೆ ನಮ್ಮ ಪರೀಕ್ಷೆಯ ಪತ್ರದಷ್ಟೇ ಗಾತ್ರ. ಅದನ್ನು ಚೊಕ್ಕವಾಗಿ ಬರೆಯಬಲ್ಲವನಿಗೆ ಮಧ್ಯವರ್ತಿ ಬೇಕಾಗುವುದಿಲ್ಲ. "ಬೇಡಿಕೊಳ್ಳುತ್ತೇನೆ" ಎಂದು ಬರೆಯುವ ಅಗತ್ಯವೂ ಇಲ್ಲ, ಅದು ಅವನ ಹಕ್ಕು.

ಇನ್ನೊಂದು ವಿಷಯ ಹೇಳದಿದ್ದರೆ ಈ ಲೇಖನ ಪ್ರಾಮಾಣಿಕವಾಗುವುದಿಲ್ಲ. ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಗೆಳೆಯನೊಬ್ಬ ಎಸ್‌.ಎಸ್‌.ಎಲ್‌.ಸಿ.ಯಲ್ಲಿ ಉಳಿದೆಲ್ಲ ವಿಷಯ ಪಾಸಾಗಿ ಇಂಗ್ಲಿಷ್ ಒಂದರಲ್ಲಿ ಎರಡು ಬಾರಿ ನಪಾಸಾದ. ಮೂರನೆಯ ಸಲ ಕಟ್ಟಲಿಲ್ಲ. "ಗೋವಿನ ಪ್ರಬಂಧ" ಬರೆದವನೂ ಅವನೇ. ಈಗ ಸ್ವಂತ ಗೂಡ್ಸ್ ಗಾಡಿ ಇಟ್ಟಿದ್ದಾನೆ. ಮೊನ್ನೆ ಊರಿಗೆ ಬಂದಾಗ ಅವನು ಮಾಲೀಕರಿಗೆ ಕಳಿಸುವ ವಾಟ್ಸಾಪ್ ಸಂದೇಶ ತೋರಿಸಿದ: "ಲೋಡ್ ರೀಚ್ಡ್ 4.10. ಟು ಬ್ಯಾಗ್ ವೆಟ್. ಫೋಟೋ ಸೆಂಟ್. ಬಿಲ್ ನಂಬರ್ 318." ಇದನ್ನು ಇಲ್ಲಿ ಬರೆಯಲು ಅವನೇ ಒಪ್ಪಿಗೆ ಕೊಟ್ಟಿದ್ದಾನೆ.

ಆ ಸಂದೇಶದಲ್ಲಿ ವ್ಯಾಕರಣದ ತಪ್ಪು ಹುಡುಕಬಹುದು. ಆದರೆ ಯಾವ ಲೋಡು, ಎಷ್ಟು ಹೊತ್ತಿಗೆ, ಏನು ತೊಂದರೆ, ಸಾಕ್ಷಿ ಏನು ಎಲ್ಲವೂ ಇದೆ. ಪ್ರಶ್ನೆ ಕೇಳಲು ಜಾಗವೇ ಇಲ್ಲ. ಈ ಹುಡುಗ ಇಂಗ್ಲಿಷಿನಲ್ಲಿ ನಪಾಸಾದವನು. ಬಾಯಿಪಾಠದ ಪತ್ರ ಬರೆದ ನಾನು ಒಳ್ಳೆಯ ಅಂಕ ಪಡೆದು, ಅಪ್ಪನಿಗೆ ಬಂದ ಪತ್ರ ಓದಲಾರದೆ ನಿಂತವನು. ನಮ್ಮ ಪರೀಕ್ಷೆ ಏನನ್ನು ಅಳೆಯಿತು, ಏನನ್ನು ಬಿಟ್ಟಿತು ಎಂದು ನಾನು ಆಗಾಗ ಯೋಚಿಸುತ್ತೇನೆ.

ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ನೀವು ಪಾಠ, ಪರೀಕ್ಷೆ, ದಾಖಲೆಗಳ ನಡುವೆ ಎಷ್ಟು ಬಿಡುವಿಲ್ಲದೆ ದುಡಿಯುತ್ತೀರಿ ಎಂಬುದು ಗೊತ್ತಿದ್ದೇ ಕೇಳುತ್ತಿದ್ದೇನೆ. ತಿಂಗಳಿಗೆ ಒಂದು ಪೀರಿಯಡ್ ನಿಜವಾದ ಕಾಗದಕ್ಕೆ ಕೊಡಿ. ಬ್ಯಾಂಕಿನ ಪತ್ರವೋ, ವಿದ್ಯಾರ್ಥಿವೇತನದ ಅರ್ಜಿಯೋ, ಔಷಧಿಯ ಚೀಟಿಯೋ ಆಗಬಹುದು. ಹಳೆಯ ವಿದ್ಯಾರ್ಥಿಗಳಾದ ನಾವು ಬೇರೆ ಬೇರೆ ಕಚೇರಿಗಳಲ್ಲಿದ್ದೇವೆ. ಹೆಸರು, ಸಂಖ್ಯೆ ಅಳಿಸಿದ ಮಾದರಿ ಕಾಗದಗಳನ್ನು ಒದಗಿಸುವುದು, ಮಕ್ಕಳು ಬರೆದು ಕಳಿಸಿದ ಪತ್ರಕ್ಕೆ ನಿಜವಾಗಿ ಉತ್ತರ ಬರೆಯುವುದು ನಮ್ಮ ಕೆಲಸವಾಗಲಿ. ಮೊದಲ ವರ್ಷದ ಅಂಚೆ ಖರ್ಚು ನನ್ನದು. ಊರಿನ ಹಿರಿಯರೂ ಓದಲಾಗದ ಕಾಗದವೊಂದು ಮನೆಗೆ ಬಂದರೆ ದೇವರ ಗೂಡಿನಲ್ಲಿ ಮಡಚಿಡದೆ ಶಾಲೆಗೆ ಕಳಿಸಿಕೊಡಿ.

ನಮ್ಮ ಮೇಷ್ಟ್ರು ನಿವೃತ್ತರಾಗಿ ಬಹಳ ವರ್ಷವಾಯಿತು. ಈ ಲೇಖನದ ಕರಡನ್ನು ಅವರಿಗೆ ಓದಲು ಕೊಟ್ಟಿದ್ದೆ. ಹಸುವಿನ ಪ್ರಸಂಗ ಅವರಿಗೆ ಮರೆತೇಹೋಗಿತ್ತು. ಓದಿ ನಕ್ಕರು. ಆಮೇಲೆ ಕನ್ನಡಕ ಸರಿಮಾಡಿಕೊಂಡು, "ಎಲ್ಲ ಸರಿ, ಯಾವ ಬ್ಯಾಚು ಅಂತ ಬರೆದಿಲ್ಲವಲ್ಲಯ್ಯಾ?" ಎಂದರು. ಆದ್ದರಿಂದ 2001ರಿಂದ 2004ರವರೆಗೆ ಎಂದು ಮೇಲೆ ಸೇರಿಸಿದ್ದೇನೆ.